ಹಗೇವಿನ ಲೆಕ್ಕ: ಹಳ್ಳಿಯ ಗೇಮಿಂಗ್ ಕಂಪ್ಯೂಟರ್ ಒಂದಕ್ಕೆ ಡಿಸ್ಕ್ ಆರಿಸಿದ ಪ್ರಕರಣ

2023ರ ಆಗಸ್ಟ್‌ನ ಒಂದು ಶನಿವಾರ ಮಧ್ಯಾಹ್ನ, ಕೌದಿಯಲ್ಲಿ ಸುತ್ತಿದ ಸಿಪಿಯುವನ್ನು ಕೂಸಿನ ಹಾಗೆ ಎತ್ತಿಕೊಂಡು ಒಬ್ಬ ಹುಡುಗ ನನ್ನ ಅಂಗಡಿಗೆ ಬಂದ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ಬಸ್ಸಿನಲ್ಲಿ ಬಂದಿದ್ದರೂ ಅವನ ಸಿಪಿಯು ಮೇಲೆ ಒಂದು ಗೀರು ಇರಲಿಲ್ಲ. ಮೂಲೆಗಳಿಗೆ ಕೌದಿಯನ್ನು ಮಡಚಿ ಕೊಟ್ಟಿದ್ದ, ಮೇಲೆ ಸೆಣಬಿನ ಹುರಿ ಬಿಗಿದಿದ್ದ. ಇದು ಮೊದಲ ಸಲ ಸುತ್ತಿದ ಕೈಯಲ್ಲ ಎಂದು ಅಂದುಕೊಂಡೆ. ಆದರೆ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಈ ಪ್ರಕರಣ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

"ಸರ, ಗೇಮ್ ಚಾಲೂ ಆಗೂದ್ರಾಗ ಎಮ್ಮಿ ಹಿಂಡ್ಕೊಂಡ ಬರಬಹುದ್ರಿ" ಎಂದ.

ಹುಡುಗನ ಹೆಸರು, ಊರು, ಕಾಲೇಜು, ಅವನಿಗೆ ಮೊದಲು ಮಾಲು ಮಾರಿದ ಅಂಗಡಿ ಇವನ್ನೆಲ್ಲ ಮರೆಮಾಚಿದ್ದೇನೆ. ಬೆಲೆಗಳು ಆಗ ನಾವು ಕೊಟ್ಟ ಬೆಲೆಗಳು. ಈಗಿನ ಸಂತೆಗೆ ಅವನ್ನು ಅನ್ವಯಿಸಬೇಡಿ.

ಹಿನ್ನೆಲೆ

ಹಾವೇರಿ ಜಿಲ್ಲೆಯ ಹಳ್ಳಿ. ತಂದೆಗೆ ನಾಲ್ಕು ಎಕರೆ, ಗೋವಿನಜೋಳ ಮತ್ತು ಹತ್ತಿ. ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷ. ಬೆಂಗಳೂರಲ್ಲಿ ಕೆಲಸಕ್ಕಿರುವ ಅಕ್ಕ ದುಡ್ಡು ಹಾಕಿ, ತಮ್ಮನ ಆಟೋಕ್ಯಾಡ್ ಅಭ್ಯಾಸಕ್ಕೆಂದು ಒಂದು ಕಂಪ್ಯೂಟರ್ ಕೊಡಿಸಿದ್ದಳು. ಗೇಮ್‌ಗೂ ಅದೇ ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿಲ್ಲದ ಹಾಗೆ ಇದ್ದಳು.

ಒಟ್ಟು ಖರ್ಚು 38,000 ರೂಪಾಯಿ. ಜೂನ್‌ನಲ್ಲಿ ಬೇರೊಂದು ಪೇಟೆಯ ಅಂಗಡಿಯೊಂದು "ಪ್ಯಾಕೇಜ್" ಎಂದು ಕಟ್ಟಿಕೊಟ್ಟದ್ದು. ರೈಜೆನ್ 5 5600ಜಿ ಪ್ರೊಸೆಸರ್, ಎ520 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 450 ವ್ಯಾಟ್ ಪವರ್ ಸಪ್ಲೈ, ಹೊಸ ಮಾನಿಟರ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮೇಲೇ ಆಟ, ಕಾರ್ಡ್ ಮುಂದೆ ಯಾವತ್ತಾದರೂ. ಈ ಮಟ್ಟಿಗೆ ಆಯ್ಕೆ ಚೆನ್ನಾಗಿಯೇ ಇತ್ತು, ನಾನಾದರೂ ಇದನ್ನೇ ಹಾಕುತ್ತಿದ್ದೆ.

ಎಡವಟ್ಟು ಇದ್ದದ್ದು ಚೀಟಿಯ ಕೊನೆಯ ಸಾಲಿನಲ್ಲಿ. ಜಿಎಸ್‌ಟಿ ಬಿಲ್ಲಲ್ಲ, ಬಿಳಿ ಹಾಳೆಯ ಚೀಟಿ. ಅದರ ಮೇಲೆ "ಸ್ಟೋರೇಜ್ 1.24 ಟಿಬಿ – 2,500" ಎಂದು ಬರೆದಿತ್ತು. 1.24 ಟಿಬಿಯ ಡಿಸ್ಕನ್ನು ನಾನಂತೂ ಕಂಡಿಲ್ಲ. ಒಳಗೆ ನೋಡಿದರೆ 240 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪುಗಳ ಡಿಸ್ಕ್; ಸಾಟಾ ಎಂದರೆ ಅದನ್ನು ಬೋರ್ಡಿಗೆ ಜೋಡಿಸುವ ಹಳೆಯ ಬಗೆ), ಜೊತೆಗೆ 1 ಟಿಬಿಯ, ತಟ್ಟೆ ತಿರುಗುವ ಒಂದು ಹಾರ್ಡ್ ಡಿಸ್ಕ್. ಎರಡನ್ನೂ ಕೂಡಿಸಿ ಒಂದು ದೊಡ್ಡ ಅಂಕಿ ಮಾಡಿದ್ದರು. ಹುಡುಗ ಫೋನಿನಲ್ಲಿ ಕೇಳಿದಾಗ ಬಿಡಿ ಬೆಲೆ ಹೇಳಿದರಂತೆ, ಎಸ್‌ಎಸ್‌ಡಿಗೆ 1,300, ಹಾರ್ಡ್ ಡಿಸ್ಕ್‌ಗೆ 1,200. ಆ ಹೊತ್ತಿಗೆ ಹೊಸ 1 ಟಿಬಿ ಹಾರ್ಡ್ ಡಿಸ್ಕ್ ಮೂರು ಸಾವಿರದ ಮೇಲಿತ್ತು. 1,200ಕ್ಕೆ ಸಿಕ್ಕಿತೆಂದರೆ ಅದಕ್ಕೊಂದು ಪೂರ್ವಜನ್ಮ ಇರಲೇಬೇಕು.

ಆ ಪೂರ್ವಜನ್ಮ

ಗೇಮ್ ಇದ್ದದ್ದು ಹಾರ್ಡ್ ಡಿಸ್ಕಿನಲ್ಲಿ. ಜಿಟಿಎ 5. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಎಪಿಕ್ ಗೇಮ್ಸ್ ಸ್ಟೋರ್ ಅದನ್ನು ಒಂದು ವಾರ ಪುಕ್ಕಟೆ ಕೊಟ್ಟಿತ್ತು. ಕಂಪ್ಯೂಟರೇ ಇಲ್ಲದ ಹುಡುಗ ಆಗಲೇ ಅಪ್ಪನ ಮೊಬೈಲಿನಲ್ಲಿ ಖಾತೆ ತೆರೆದು ಅದನ್ನು ತನ್ನ ಹೆಸರಿಗೆ ಹಾಕಿಕೊಂಡಿದ್ದ. ಮೂರು ವರ್ಷ ಕಾದ ಮೇಲೆ ಆಡಲು ಕೂತವನು ಲೋಡಿಂಗ್ ಪರದೆ ನೋಡುತ್ತ ಕೂರಬೇಕಾಯಿತು.

ಟಾಸ್ಕ್ ಮ್ಯಾನೇಜರ್ ತೆರೆದು ಗೇಮ್ ಚಾಲೂ ಮಾಡಿದೆ. ಡಿಸ್ಕ್ 100% ದುಡಿಯುತ್ತಿದೆ, ಓದುತ್ತಿರುವುದು ಮಾತ್ರ ಸೆಕೆಂಡಿಗೆ ಎರಡು ಮೂರು ಎಂಬಿ. ಇದನ್ನು ಕಂಡವರು "ಡಿಸ್ಕ್ ಹಾಳಾಗಿದೆ" ಎಂದು ತಕ್ಷಣ ಹೇಳುತ್ತಾರೆ. ಅವಸರ ಬೇಡ, ಒಳ್ಳೆಯ ಹಾರ್ಡ್ ಡಿಸ್ಕ್ ಕೂಡ ಅಲ್ಲಲ್ಲಿ ಚದುರಿದ ಚೂರುಗಳನ್ನು ಹೆಕ್ಕುವ ಚಿಲ್ಲರೆ ಓದಿನಲ್ಲಿ ಹೀಗೇ ಒದ್ದಾಡುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅದರ ಅರ್ಧ ಕಾಯಬೇಕು. ಅದಕ್ಕೂ ಮುಂಚೆ ಸೂಜಿಯ ತೋಳು ಆ ಜಾಗಕ್ಕೆ ಸರಿಯಬೇಕು. ಎರಡೂ ಸೇರಿ ಹನ್ನೆರಡು ಹದಿಮೂರು ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಎಂಬತ್ತು ಸಲ ಓಡಾಡಿದರೆ ದೊಡ್ಡದು. ಪ್ರತಿ ಸಲ 4 ಕೆಬಿಯ ಚೂರೊಂದನ್ನು ತಂದರೆ ಸೆಕೆಂಡಿಗೆ 320 ಕೆಬಿ ಆಯಿತು. ಸಾಲಾಗಿ ಓದುವಾಗ 150 ಎಂಬಿ ಕೊಡುವ ಡಿಸ್ಕ್ ಇದೇ.

ಆದರೂ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದೆ. ಹಳದಿ ಬಣ್ಣ, "ಕಾಶನ್" ಎಂಬ ಎಚ್ಚರಿಕೆ. ಸಿ5 ಎಂಬ ಸಾಲಿನಲ್ಲಿ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಮಾಹಿತಿ ಕೂರುವ ಚಿಕ್ಕ ಚಿಕ್ಕ ಮನೆಗಳ) ಸಾಲಿನಲ್ಲಿ, 18 ಎಂದು ಇತ್ತು. ಆ ತಂತ್ರಾಂಶ ಕಚ್ಚಾ ಅಂಕಿಗಳನ್ನು ಮೊದಲಿಗೆ ತೋರಿಸುವುದು ಹೆಕ್ಸಾಡೆಸಿಮಲ್ ಎಂಬ ಹದಿನಾರರ ಎಣಿಕೆಯಲ್ಲಿ, ಹಾಗಾಗಿ 18 ಎಂದರೆ ನಿಜಕ್ಕೂ 24. ಇನ್ನು ಗಂಟೆಗಳ ಲೆಕ್ಕ: 33,900 ಗಂಟೆ ಓಡಿದೆ. ಹಗಲು ರಾತ್ರಿ ಸೇರಿ ಮೂರು ವರ್ಷ ಹತ್ತು ತಿಂಗಳು. ನನ್ನ ಕಣ್ಣು ನಿಂತದ್ದು ಅದರ ಪಕ್ಕದ ಅಂಕಿಯ ಮೇಲೆ. ಇಷ್ಟು ವರ್ಷದಲ್ಲಿ ಅದನ್ನು ಆನ್ ಮಾಡಿದ್ದು ಬರೀ 71 ಸಲ. ಮನೆಯ ಕಂಪ್ಯೂಟರನ್ನು ದಿನಕ್ಕೊಮ್ಮೆಯಾದರೂ ಆನ್–ಆಫ್ ಮಾಡುತ್ತೇವೆ. ನಾಲ್ಕು ವರ್ಷದಲ್ಲಿ 71 ಸಲ ಎಂದರೆ ಅದು ಯಾವುದೋ ಅಂಗಡಿಯದೋ ಅಪಾರ್ಟ್‌ಮೆಂಟಿನದೋ ಸಿಸಿಟಿವಿ ಡಿವಿಆರ್‌ನಲ್ಲಿ ಕೂತು, ನಿಲ್ಲದೆ ದೃಶ್ಯ ಬರೆದುಕೊಂಡ ಡಿಸ್ಕ್. ಲೇಬಲ್ ಓದಿದರೆ ಅದೇ ಜಾತಿಯ ಮಾಲು. ಒಂದೇ ಸಮನೆ ಸಾಲಾಗಿ ಬರೆಯುವುದಕ್ಕೆ ಹದಗೊಳಿಸಿದ, ನಿಧಾನ ಸುತ್ತುವ ಡಿಸ್ಕ್. ಗೇಮ್ ಕೇಳುವುದು ಅದಕ್ಕೆ ನೇರ ಉಲ್ಟಾ ಕೆಲಸವನ್ನು.

ಹುಡುಗ ಸುಮ್ಮನೆ ಕೂತಿರಲಿಲ್ಲ. ತಾನೇ ಗೇಮನ್ನು ಎಸ್‌ಎಸ್‌ಡಿಗೆ ನಕಲು ಮಾಡಲು ನೋಡಿದ್ದ. 240 ಜಿಬಿ ಎಂದು ಮಾರುವುದನ್ನು ವಿಂಡೋಸ್ 223 ಎಂದು ತೋರಿಸುತ್ತದೆ. ವಿಂಡೋಸ್, ಅಪ್‌ಡೇಟ್‌ಗಳು, ಪೇಜ್ ಫೈಲ್, ಆಟೋಕ್ಯಾಡ್ ಎಲ್ಲ ಸೇರಿ ತೊಂಬತ್ತರ ಹತ್ತಿರ ಆಗಿತ್ತು. ಉಳಿದದ್ದರಲ್ಲಿ 110 ಜಿಬಿಯ ಗೇಮ್ ಹೇಗೋ ತುರುಕಬಹುದಿತ್ತು. ಮೊದಲ ಇಪ್ಪತ್ತು ಜಿಬಿ ಸರಾಗವಾಗಿ ಹೋಗಿ, ಆಮೇಲೆ ವೇಗ ಸೆಕೆಂಡಿಗೆ 40 ಎಂಬಿಗೆ ಕುಸಿಯಿತಂತೆ. ಅಗ್ಗದ ಎಸ್‌ಎಸ್‌ಡಿಗಳ ಗುಣವೇ ಅದು. ಖಾಲಿ ಜಾಗದ ಒಂದು ಭಾಗದಲ್ಲಿ ಕೋಶಕ್ಕೆ ಒಂದೇ ಬಿಟ್ ಬರೆದು ಬೇಗ ಬೇಗ ತುಂಬಿಕೊಳ್ಳುತ್ತವೆ. ಆ ಜಾಗ ಮುಗಿದೊಡನೆ ಒಂದೊಂದು ಕೋಶಕ್ಕೆ ಮೂರು ನಾಲ್ಕು ಬಿಟ್ ತುಂಬುವ ನಿಧಾನದ ಕೆಲಸಕ್ಕೆ ಇಳಿಯುತ್ತವೆ. ಡಿಸ್ಕ್ ತುಂಬುತ್ತ ಬಂದಷ್ಟೂ ಆ ವೇಗದ ಜಾಗ ಕಿರಿದಾಗುತ್ತದೆ. ಕೊನೆಗೆ 67% ಎಂದು ತೋರಿಸಿ ನಕಲು ನಿಂತೇಬಿಟ್ಟಿತು. ಓದಲಾಗದ ಆ ಸೆಕ್ಟರ್‌ಗಳು ಬಹುಶಃ ಅಲ್ಲೇ ಇದ್ದವು.

ಪೆಟ್ಟಿಗೆಯ ಮೇಲಿನ ಅಂಕಿ

ಹಳೆಯ ಅಂಗಡಿಯವರಿಗೆ ಫೋನ್ ಮಾಡಿದ್ದಕ್ಕೆ ಅವರು ಬೇರೊಂದು ದಾರಿ ತೋರಿಸಿದ್ದರು: 1 ಟಿಬಿಯ ಜೆನ್ 4 ಎನ್‌ವಿಎಂಇ (ಸಾಟಾಕ್ಕಿಂತ ವೇಗದ, ಬೋರ್ಡಿಗೇ ನೇರ ಸಿಕ್ಕಿಸುವ ಎಸ್‌ಎಸ್‌ಡಿ) ಹಾಕಿಸು, 5,800 ರೂಪಾಯಿ, ಸೆಕೆಂಡಿಗೆ 7,000 ಎಂಬಿ, "ಗೇಮ್ ಹಾರ್ತಾವ". ಅಕ್ಕನಿಗೆ ಹೇಳಿ ದುಡ್ಡು ತರಿಸಲು ಹುಡುಗ ತಯಾರಿದ್ದ.

ನಾನು ಅಡ್ಡ ಬಂದೆ. ಈ ಭಾಗದಲ್ಲಿ ನಾನು ಮಾಡಿದ್ದು ಸರಿ ಎಂದು ಈಗಲೂ ಹೇಳುತ್ತೇನೆ. ಎನ್‌ವಿಎಂಇ ಓಡುವುದು ಪಿಸಿಐಇ ಎಂಬ ದಾರಿಯ ಮೇಲೆ, ಜೆನ್ 4ರ ಪೂರ್ತಿ ವೇಗಕ್ಕೆ ಅದರ 4.0 ಆವೃತ್ತಿ ಬೇಕು. ಎ520 ಚಿಪ್‌ಸೆಟ್ ಇರುವ ಬೋರ್ಡ್‌ಗಳಲ್ಲಿ ಪಿಸಿಐಇ 4.0 ಇಲ್ಲ. ಹೋಗಲಿ, ಬೋರ್ಡ್ ಬದಲಿಸಿ ಬಿ550 ತಂದರೂ 5600ಜಿ ಪ್ರೊಸೆಸರ್ ಕೊಡುವುದು 3.0 ದಾರಿಗಳನ್ನೇ. ಹೆಸರಿನಲ್ಲಿ ಅಷ್ಟೇ ಹತ್ತಿರವಿರುವ 5600ಕ್ಕೆ 4.0 ಉಂಟು, ಒಂದು ಜಿ ಅಕ್ಷರ ಸೇರಿದರೆ ಇಲ್ಲ. ಹೀಗಾಗಿ 7,000 ಎಂಬಿಯ ಡಿಸ್ಕ್ ಅವನ ಕಂಪ್ಯೂಟರಿನಲ್ಲಿ 3,500ರ ಆಸುಪಾಸಿನಲ್ಲೇ ಓಡುತ್ತಿತ್ತು. ಕೆಡುವುದಿಲ್ಲ, ಓಡುತ್ತದೆ. ಹೆಚ್ಚು ಕೊಟ್ಟ ದುಡ್ಡು ಮಾತ್ರ ಮಲಗಿರುತ್ತದೆ.

ಅದಕ್ಕಿಂತ ದೊಡ್ಡ ಮಾತು, ಆ 3,500 ಕೂಡ ಗೇಮಿಗೆ ಹೆಚ್ಚು ಮುಟ್ಟುವುದಿಲ್ಲ. ಸಾಟಾ ಎಸ್‌ಎಸ್‌ಡಿ 550 ಎಂಬಿ, ಎನ್‌ವಿಎಂಇ 3,500 ಎಂಬಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ದೊಡ್ಡ ಫೈಲ್ ಒಂದನ್ನು ಸಾಲಾಗಿ ಓದುವ ವೇಗ. ಚಿಲ್ಲರೆ 4 ಕೆಬಿ ಚೂರುಗಳನ್ನು ಒಂದೊಂದಾಗಿ ಓದುವಾಗ ಸಾಟಾ 30 ಎಂಬಿಯ ಸುತ್ತಮುತ್ತ ಕೊಟ್ಟರೆ ಎನ್‌ವಿಎಂಇ 50–60 ಕೊಡುತ್ತದೆ. ಆರು ಪಟ್ಟು ಎಂದು ಕಂಡದ್ದು ಇಲ್ಲಿ ಎರಡಕ್ಕೆ ಇಳಿಯಿತು. ಓದಿದ್ದನ್ನು ಬಿಚ್ಚಿ ಜೋಡಿಸುವ ಕೆಲಸ ಪ್ರೊಸೆಸರಿನದು, ಹಾಗಾಗಿ ಆ ಎರಡು ಪಟ್ಟೂ ಗಡಿಯಾರದಲ್ಲಿ ಪೂರ್ತಿ ಕಾಣುವುದಿಲ್ಲ. ಇದಕ್ಕೆ ಜಿಟಿಎಯದೇ ಒಂದು ಪ್ರಸಿದ್ಧ ಉದಾಹರಣೆ ಇದೆ. ಅದರ ಆನ್‌ಲೈನ್ ಆವೃತ್ತಿ ತೆರೆದುಕೊಳ್ಳಲು ಹಲವು ನಿಮಿಷ ಹಿಡಿಯುತ್ತಿತ್ತು, ವರ್ಷಗಟ್ಟಲೆ ಜನ ಡಿಸ್ಕನ್ನೇ ಬೈಯುತ್ತಿದ್ದರು. 2021ರಲ್ಲಿ ಹವ್ಯಾಸಿ ಪ್ರೋಗ್ರಾಮರ್ ಒಬ್ಬ ಬಿಚ್ಚಿ ನೋಡಿದರೆ, 10 ಎಂಬಿಯ ಒಂದು ಪಟ್ಟಿಯನ್ನು ಪ್ರೊಸೆಸರ್ ಅಡ್ಡಾದಿಡ್ಡಿಯಾಗಿ ಓದುತ್ತ ಹೊತ್ತು ಕಳೆಯುತ್ತಿತ್ತು. ಕಂಪನಿ ಅದನ್ನು ಸರಿಪಡಿಸಿ ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟಿತು.

ಇಷ್ಟನ್ನು ಹುಡುಗನಿಗೆ ವಿವರಿಸಿ ಜೆನ್ 4 ಆಸೆ ಬಿಡಿಸಿದೆ. ನನ್ನ ಬಗ್ಗೆ ನನಗೇ ಮೆಚ್ಚುಗೆ ಆಗಿತ್ತು. ಎಡವಿದ್ದೂ ಆಮೇಲೆಯೇ.

ನಾನು ಕೊಟ್ಟ ಸಲಹೆ

ಅವನ ಕೈಯಲ್ಲಿ 3,000 ಇತ್ತು. ಅಕ್ಕ ಇನ್ನೂ ಸಾವಿರ ಸಾವಿರದೈನೂರು ಕಳಿಸಲು ಸಿದ್ಧಳಿದ್ದಳು. ಮುಂದೆ ಮೂರು ದಾರಿ. 1 ಟಿಬಿ ಸಾಟಾ ಎಸ್‌ಎಸ್‌ಡಿ 3,700ಕ್ಕೆ. 1 ಟಿಬಿ ಜೆನ್ 3 ಎನ್‌ವಿಎಂಇ 4,100ಕ್ಕೆ. 500 ಜಿಬಿ ಜೆನ್ 3 ಎನ್‌ವಿಎಂಇ 2,300ಕ್ಕೆ.

ನಾನು 500 ಹಾಕಿಸು ಎಂದೆ. "ಒಂದ ಸಲಕ್ಕ ಎರಡ ಗೇಮಕಿಂತ ಹೆಚ್ಚ ಯಾರೂ ಆಡೂದಿಲ್ಲ. ಜಾಗಾ ಸಾಲಲಿಲ್ಲ ಅಂದ್ರ ಒಂದ ತಗದ ಹಾಕು, ಬೇಕಾದಾಗ ಮತ್ತ ಡೌನ್‌ಲೋಡ್ ಮಾಡ್ಕೋ. ಅಕ್ಕನ ರೊಕ್ಕ ಯಾಕ ಖರ್ಚ ಮಾಡಸ್ತಿ?"

ಹುಡುಗ ಏನೋ ಹೇಳಲು ಬಾಯಿ ತೆರೆದ, ಆಮೇಲೆ "ಆತ್ರಿ ಸರ" ಎಂದ. ದೊಡ್ಡವರ ಮುಂದೆ ಎದುರಾಡಬಾರದೆಂಬ ಸಂಕೋಚ. ಆ ತೆರೆದ ಬಾಯಿಯನ್ನು ನಾನು ಗಮನಿಸಬೇಕಿತ್ತು.

ಇನ್ನೊಂದು ವಿಷಯ ನನಗೆ ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಬೋರ್ಡಿನಲ್ಲಿ ಎನ್‌ವಿಎಂಇ ಕೂರುವ ಎಂ.2 ಜಾಗ ಇರುವುದು ಒಂದೇ, ಸಾಟಾ ಜಾಗ ನಾಲ್ಕು. ಇರುವ ಒಂದೇ ಎಂ.2 ಕಟ್ಟೆಯ ಮೇಲೆ ಚಿಕ್ಕದನ್ನು ಕೂರಿಸಿದರೆ ನಾಳೆ ದೊಡ್ಡದು ತಂದಾಗ ಚಿಕ್ಕದನ್ನು ಇಳಿಸಬೇಕು, ವಿಂಡೋಸ್ ಸಮೇತ ಎಲ್ಲವನ್ನೂ ಸಾಗಿಸಬೇಕು. ಒಂದೇ ಜಾಗ ಇದ್ದಾಗ ಅಲ್ಲಿಗೆ ಕೈಲಾದಷ್ಟು ದೊಡ್ಡದು ಹೋಗಬೇಕು, ಚಿಕ್ಕವು ಸಾಟಾ ಕಡೆ ಸಾಲಾಗಿ ಕೂರಬಹುದು.

ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಅವನ ಕೈಗೇ ಕೊಟ್ಟು "ಇದನ್ನ ನಂಬಬ್ಯಾಡ" ಎಂದೆ. 240ರ ಎಸ್‌ಎಸ್‌ಡಿಯನ್ನು ಅಕ್ಕನ ಹಳೆಯ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಏಳು ವರ್ಷದ ಆ ಲ್ಯಾಪ್‌ಟಾಪ್ ಅದರಿಂದ ಎದ್ದು ಕೂತಿತು. ಆದರೆ ಗೇಮಿಂಗ್ ಕಂಪ್ಯೂಟರಿನಲ್ಲಿ ಉಳಿದ ಒಟ್ಟು ಜಾಗ ವಿಂಡೋಸ್ ಲೆಕ್ಕದಲ್ಲಿ 465 ಜಿಬಿ ಮಾತ್ರ.

ಮೊದಲ ಒಂದು ತಿಂಗಳು

ಹುಡುಗ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಅಳೆದು ಕಳಿಸಿದ. ಹಳೆಯ ಹಾರ್ಡ್ ಡಿಸ್ಕಿನಿಂದ ಜಿಟಿಎ 5ರ ಕಥೆ ಶುರುವಾಗಲು ಮೂರು ನಿಮಿಷಕ್ಕೆ ಹತ್ತು ಸೆಕೆಂಡ್ ಕಡಿಮೆ. ಹೊಸದರಲ್ಲಿ 43 ಸೆಕೆಂಡ್. ಊರೊಳಗೆ ಕಾರು ಓಡಿಸುವಾಗ ರಸ್ತೆ, ಕಟ್ಟಡ ತಡವಾಗಿ ಮೂಡುವುದು, ನಡುವೆ ಗಕ್ಕನೆ ನಿಲ್ಲುವುದು ಎರಡೂ ಹೋದವು.

ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಿಲ್ಲವಲ್ಲ ಎಂದು ಒಂದು ಬೇಸರವನ್ನೂ ಕಳಿಸಿದ್ದ. ಏರುವುದಿಲ್ಲ. ಚಿತ್ರ ಬಿಡಿಸುವುದು ಗ್ರಾಫಿಕ್ಸ್‌ನ ಕೆಲಸ, ಡಿಸ್ಕ್ ಸಾಮಾನು ತಂದುಕೊಡುವ ಆಳು. ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದೆಂದು ಗೆಳೆಯನೊಬ್ಬ ಹೆದರಿಸಿದ್ದನಂತೆ. ಅವನು ಕೊಂಡದ್ದಕ್ಕೆ ಕಂಪನಿ ಕೊಟ್ಟ ಭರವಸೆ 150 ಟಿಬಿ ಬರವಣಿಗೆ. ವಾರಕ್ಕೊಂದು 110 ಜಿಬಿಯ ಗೇಮ್ ಹೊಸದಾಗಿ ಹಾಕಿದರೂ ಅದು ಮುಗಿಯಲು 26 ವರ್ಷ ಬೇಕು. ಅಷ್ಟರಲ್ಲಿ ಹುಡುಗನೇ ಬೇಸತ್ತಿರುತ್ತಾನೆ.

ಐವತ್ತೈದು ದಿನ

ನವೆಂಬರ್ ಮೊದಲ ವಾರ ಫೋನ್ ಬಂತು. "ಸರ, ನೀವು ಹೇಳಿದಂಗ ಒಂದ ಗೇಮ್ ತಗದೆ. ಈಗ ತಿರುಗಿ ಹಾಕಾಕ ಆಗವಲ್ದರಿ."

ನಡೆದದ್ದು ಇಷ್ಟು. ಸೆಪ್ಟೆಂಬರ್ 27ಕ್ಕೆ ಕೌಂಟರ್ ಸ್ಟ್ರೈಕ್‌ನ ಹೊಸ ಆವೃತ್ತಿ ಹಳೆಯದರ ಜಾಗಕ್ಕೆ ಬಂತು. ಅದು ಕೇಳುವ ಜಾಗ 85 ಜಿಬಿ. ಹಾಸ್ಟೆಲಿನ ಗೆಳೆಯರೆಲ್ಲ ಅದಕ್ಕೆ ಹೋದರು. ಇವನ ಡಿಸ್ಕಿನಲ್ಲಿ ವಿಂಡೋಸ್, ಆಟೋಕ್ಯಾಡ್, ಜಿಟಿಎ, ರೆಡ್ ಡೆಡ್ ರಿಡೆಂಪ್ಶನ್ 2, ಒಂದು ಕ್ರಿಕೆಟ್ ಗೇಮ್, ಅಪ್ಪನ ಮೊಬೈಲಿನಿಂದ ಇಳಿಸಿದ ಮದುವೆ ವಿಡಿಯೊಗಳು. ಜಾಗ ಇರಲಿಲ್ಲ. ನನ್ನ ಸೂತ್ರದಂತೆ ಜಿಟಿಎ ಅಳಿಸಿದ. ದೀಪಾವಳಿಗೆ ಅಕ್ಕ ಊರಿಗೆ ಬರುವವಳಿದ್ದಳು, ಓಣಿಯ ಹುಡುಗರು ಬೇರೆ ಬೇಡಿಕೆ ಇಟ್ಟಿದ್ದರು. ಎಲ್ಲರಿಗೂ ನೋಡಬೇಕಾದದ್ದು ಜಿಟಿಎಯೇ.

"ಮತ್ತ ಡೌನ್‌ಲೋಡ್ ಮಾಡ್ಕೊ."

"ಸರ, ನಮ್ಮ ಮನ್ಯಾಗ ವೈಫೈ ಇಲ್ರಿ. ಮೊಬೈಲ್ ಹಾಟ್‌ಸ್ಪಾಟ್. ದಿನಕ್ಕ ಎರಡ ಜಿಬಿ."

110 ಜಿಬಿಯನ್ನು ದಿನಕ್ಕೆ ಎರಡರಂತೆ ಭಾಗಿಸಿದೆ. ಐವತ್ತೈದು ದಿನ. ಅದೂ ಮನೆಯಲ್ಲಿ ಬೇರೆ ಯಾರೂ ಮೊಬೈಲ್ ಮುಟ್ಟದಿದ್ದರೆ.

ಹಾಗಾದರೆ ಇಷ್ಟೆಲ್ಲ ಗೇಮ್ ಬಂದದ್ದು ಎಲ್ಲಿಂದ? ಹುಬ್ಬಳ್ಳಿಯಲ್ಲಿ ದೊಡ್ಡಪ್ಪನ ಮಗನ ಮನೆ ಇದೆ, ಅಲ್ಲಿ ಫೈಬರ್ ಇದೆ. ರಜೆ ಸಿಕ್ಕಾಗ ಇವನು ಸಿಪಿಯುವನ್ನೇ ಹೊತ್ತು ಅಲ್ಲಿಗೆ ಹೋಗಿ, ಎರಡು ದಿನ ಇದ್ದು, ಡೌನ್‌ಲೋಡ್ ಮಾಡಿಕೊಂಡು ವಾಪಸ್ ಹೊರುತ್ತಿದ್ದ. ಆ ಕೌದಿ ಅದಕ್ಕೆ. ನನ್ನ ಅಂಗಡಿಗೆ ಮೊದಲ ಸಲ ಬಂದ ದಿನ ಕೂಡ ಅವನು ಬಂದದ್ದು ಅಣ್ಣನ ಮನೆಯಿಂದಲೇ.

ಅಷ್ಟರಲ್ಲಿ ಫೋನ್ ಅವನ ತಂದೆಯ ಕೈಗೆ ಹೋಯಿತು. ಸಿಟ್ಟೇನೂ ಇರಲಿಲ್ಲ, ನಗುತ್ತಲೇ ಕೇಳಿದರು: "ಸಾಹೇಬ್ರ, ಹಗೇವಿನ್ಯಾಗಿನ ಜ್ವಾಳ ಚೆಲ್ಲಿ, ಬೇಕಾದಾಗ ಸಂತ್ಯಾಗ ತಂದ್ರಾತು ಅಂದ್ರ ಹೆಂಗ್ರಿ? ಸಂತಿ ಎಲ್ಲೈತಿ, ನಾವೆಲ್ಲಿದ್ದೀವಿ?"

ನನ್ನ ಬಳಿ ಉತ್ತರ ಇರಲಿಲ್ಲ. ಹಗೇವು ಎಂದರೆ ನೆಲದೊಳಗಿನ ಕಣಜ, ಒಳಗೆ ಹುಲ್ಲು ಹೊದಿಸಿ ವರ್ಷದ ಜೋಳ ತುಂಬಿಡುತ್ತಿದ್ದ ಗುಂಡಿ. ದಿನದ ರೊಟ್ಟಿಗೆ ಬೇಕಾದಷ್ಟು ಮಾತ್ರ ಮೇಲೆ ಗಡಿಗೆಯಲ್ಲಿ. ಬೆಂಗಳೂರಿನ ಪಿಜಿಯಲ್ಲಿ 100 ಎಂಬಿಪಿಎಸ್ ಇರುವವನಿಗೆ 110 ಜಿಬಿ ಎಂದರೆ ಎರಡೂವರೆ ಗಂಟೆ, ಅವನ ಸಂತೆ ಬಾಗಿಲಲ್ಲೇ ಇದೆ, ಗಡಿಗೆ ಸಾಕು. "500 ಸಾಕು, ಅಳಿಸಿ ಮತ್ತೆ ಇಳಿಸಿಕೋ" ಎಂಬ ಸಲಹೆ ಅವನಿಗೆ ಇವತ್ತಿಗೂ ಸರಿ. ನಾನು ಅದನ್ನೇ, ಯೋಚನೆ ಮಾಡದೆ, ಹಳ್ಳಿಯ ಹುಡುಗನಿಗೆ ಉಣಬಡಿಸಿದ್ದೆ. ಯಾವ ಗೇಮ್, ಯಾವ ಬೋರ್ಡ್, ಎಷ್ಟು ದುಡ್ಡು ಎಂದೆಲ್ಲ ಕೇಳಿದವನು ನೆಟ್ ಎಂಥದ್ದು ಎಂದು ಕೇಳಲಿಲ್ಲ.

ಮಾಳಿಗೆಯ ಮೇಲಿನ ಡಿಸ್ಕ್

ಆಗ ನೆನಪಾದದ್ದು ನಾನೇ ನಂಬಬೇಡ ಎಂದಿದ್ದ ಹಳೆಯ ಹಾರ್ಡ್ ಡಿಸ್ಕ್. ಎಸೆದಿದ್ದೀಯಾ ಎಂದರೆ, "ಇಲ್ರಿ, ಮಾಳಗಿ ಮ್ಯಾಲ ಐತಿ" ಎಂದ. ಅದರಲ್ಲಿ ಜಿಟಿಎಯ ಹಳೆಯ ಪ್ರತಿ ಹಾಗೇ ಇತ್ತು. ಓದಲಾಗದ ಸೆಕ್ಟರ್ ಇಪ್ಪತ್ತನಾಲ್ಕೋ ಮೂವತ್ತೋ ಇರಬಹುದು, ಉಳಿದ ಕೋಟಿಗಟ್ಟಲೆ ಸೆಕ್ಟರ್ ಸರಿಯಿದ್ದವಲ್ಲ.

ಫೋನಿನಲ್ಲೇ ಹೇಳುತ್ತ ಮಾಡಿಸಿದೆ. ಡಿಸ್ಕನ್ನು ಸಾಟಾಕ್ಕೆ ಸಿಕ್ಕಿಸಿ, ಮಾಮೂಲಿ ಕಾಪಿ–ಪೇಸ್ಟ್ ಬಿಟ್ಟು ವಿಂಡೋಸ್ ಜೊತೆಗೇ ಬರುವ ರೋಬೋಕಾಪಿ ಬಳಸಿದೆವು. ಅದನ್ನು ಹಾಗೇ ಓಡಿಸಬಾರದು. ಓದಲಾಗದ ಫೈಲ್ ಸಿಕ್ಕರೆ ಅದು ಸುಮ್ಮನೆ ಬಿಟ್ಟು ಮುಂದೆ ಹೋಗುವುದಿಲ್ಲ, ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ, ಸಲಕ್ಕೆ 30 ಸೆಕೆಂಡ್ ಕಾದು. ಪ್ರಯತ್ನ ಒಂದೇ ಸಲ, ಕಾಯುವುದು ಒಂದೇ ಸೆಕೆಂಡ್ ಎಂದು ಬರೆಸಿದೆ. ಕ್ರಿಕೆಟ್ ಗೇಮ್ ಮತ್ತು ಮದುವೆ ವಿಡಿಯೊಗಳನ್ನು ಅಕ್ಕನ ಲ್ಯಾಪ್‌ಟಾಪಿಗೆ ತಾತ್ಕಾಲಿಕವಾಗಿ ಸಾಗಿಸಿ ಜಾಗ ಮಾಡಿಕೊಂಡಿದ್ದ. ರಾತ್ರಿ ಹತ್ತಕ್ಕೆ ಶುರು. ನಡುವೆ ಒಮ್ಮೆ ಕರೆಂಟ್ ಹೋಗಿ ಮತ್ತೆ ಮೊದಲಿಂದ ಓಡಿಸಬೇಕಾಯಿತು, ಅಷ್ಟರಲ್ಲಿ ದಾಟಿದ್ದನ್ನು ಅದು ಬಿಟ್ಟು ಮುಂದೆ ಹೋದದ್ದು ಪುಣ್ಯ. ಬೆಳಗ್ಗೆ ನೋಡಿದರೆ ಮೂರು ಫೈಲ್ ಬಿಟ್ಟು ಎಲ್ಲ ಬಂದಿತ್ತು.

ಮುಂದಿನದು ಎಪಿಕ್‌ನ ಉಪಾಯ. ಬಂದ ಫೋಲ್ಡರಿಗೆ ಬೇರೆ ಹೆಸರಿಟ್ಟು ಪಕ್ಕಕ್ಕಿಡಬೇಕು. ಗೇಮನ್ನು ಹೊಸದಾಗಿ ಇನ್‌ಸ್ಟಾಲ್ ಶುರುಮಾಡಿ, ಒಂದೆರಡು ಶೇಕಡಾ ಆದಮೇಲೆ ಲಾಂಚರ್ ಮುಚ್ಚಬೇಕು. ಅದು ಮಾಡಿಕೊಂಡ ಫೋಲ್ಡರಿನೊಳಕ್ಕೆ ನಮ್ಮ ಫೈಲುಗಳನ್ನು ಸುರಿದು ಮತ್ತೆ ಮುಂದುವರಿಸಿದರೆ, ಇರುವುದನ್ನು ಪರೀಕ್ಷಿಸಿ ಇಲ್ಲದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ಸ್ಟೀಮ್ ಎಂಬ ಇನ್ನೊಂದು ಗೇಮ್ ಸ್ಟೋರ್‌ನಲ್ಲಿ ಇಷ್ಟು ಸರ್ಕಸ್ ಬೇಡ, ಗೇಮನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವ ಸೌಲಭ್ಯ ಅದರ ಸೆಟ್ಟಿಂಗ್ಸ್‌ನಲ್ಲೇ ಇದೆ. ಮೂರು ಫೈಲು, ನಡುವೆ ಬಂದ ಅಪ್‌ಡೇಟ್ ಎಲ್ಲ ಸೇರಿ 9 ಜಿಬಿ ಇಳಿಸಬೇಕಾಯಿತು. ಐದು ದಿನದ ಪ್ಯಾಕು. ನರಕ ಚತುರ್ದಶಿಯ ಹಿಂದಿನ ರಾತ್ರಿ ಗೇಮ್ ತೆರೆದುಕೊಂಡಿತು.

ಸಿಸಿಟಿವಿಯಲ್ಲಿ ನಾಲ್ಕು ವರ್ಷ ದುಡಿದು, 1,200ಕ್ಕೆ ಮೋಸದಿಂದ ಮಾರಾಟವಾಗಿ, ನನ್ನಿಂದ ಬೈಸಿಕೊಂಡ ಡಿಸ್ಕೇ ಕೊನೆಗೆ ಹಗೇವಾಯಿತು. ಹಾಗೆಂದು ಅದನ್ನೇ ಇಟ್ಟುಕೊಳ್ಳಲು ಬರುವುದಿಲ್ಲ. ಬಾಕಿ ಸೆಕ್ಟರ್ ಬೆಳೆಯಲು ಶುರುವಾದ ಡಿಸ್ಕ್ ಯಾವ ದಿನ ಪೂರ್ತಿ ನಿಲ್ಲುತ್ತದೆಂದು ಯಾರೂ ಹೇಳಲಾರರು.

ಎರಡನೇ ಆಯ್ಕೆ

ಈಗ ಏನು ಕೊಳ್ಳುವುದು? ಆ ವರ್ಷ ಮಳೆ ಕೈಕೊಟ್ಟಿತ್ತು, ರಾಜ್ಯದ ಬಹುತೇಕ ತಾಲ್ಲೂಕು ಬರದ ಪಟ್ಟಿಯಲ್ಲಿದ್ದವು, ಗೋವಿನಜೋಳದ ಕಾಳು ಸರಿಯಾಗಿ ಕಟ್ಟಿರಲಿಲ್ಲ. ಅಪ್ಪನನ್ನು ಕೇಳುವ ಹಾಗಿಲ್ಲ, ಅಕ್ಕನೇ ಗತಿ. ಆಗಸ್ಟ್‌ನಲ್ಲಿ 4,100 ಇದ್ದ 1 ಟಿಬಿ ಎನ್‌ವಿಎಂಇ ನವೆಂಬರಿಗೆ ಐದು ಸಾವಿರಕ್ಕೆ ಏರಿತ್ತು. ವರ್ಷದ ನಡುವೆ ಪಾತಾಳಕ್ಕಿಳಿದಿದ್ದ ಎಸ್‌ಎಸ್‌ಡಿ ಬೆಲೆ ತಿರುಗಿ ಹತ್ತತೊಡಗಿದ ಕಾಲ ಅದು. ಅದನ್ನು ಕೊಂಡರೂ ಎಂ.2 ಜಾಗದಲ್ಲಿ ನಾನು ಕೂರಿಸಿದ ಚಿಕ್ಕದು ಕೂತಿತ್ತು.

ಹೊಸ ಒಳಗಿನ ಹಾರ್ಡ್ ಡಿಸ್ಕ್ 1 ಟಿಬಿ, 3,300. ನಾನು ಅದನ್ನೇ ಹೇಳಬೇಕೆಂದಿದ್ದೆ. ಈ ಸಲ ಮೊದಲು ಕೇಳಿದೆ: "ಅಣ್ಣನ ಮನಿಗೆ ಡಿಸ್ಕ್ ಹೆಂಗ ಒಯ್ತಿ?" ಒಳಗಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿಯಿಂದ ಅಷ್ಟು ಬರುವುದಿಲ್ಲ, ಬೇರೆ ಅಡಾಪ್ಟರ್ ಇರುವ ಡಾಕ್ ಕೊಳ್ಳಬೇಕು. ಇಲ್ಲವಾದರೆ ಮತ್ತೆ ಕೌದಿ. ಹಾಗಾಗಿ 1 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ತೆಗೆದುಕೊಂಡ, 4,300. ಸಾವಿರ ಹೆಚ್ಚು, ಆದರೆ ಅಂಗಿ ಜೇಬಿನಲ್ಲಿ ಹಿಡಿಯುತ್ತದೆ.

ತಿಳಿದವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಇಂಥ 2.5 ಇಂಚಿನ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ಜಾತಿಯವು. ಮಾಹಿತಿಯ ಪಟ್ಟಿಗಳನ್ನು ಹಂಚಿನ ಮಾಡಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿರುತ್ತಾರೆ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಮೇಲಿನವನ್ನೂ ಎತ್ತಿ ಮತ್ತೆ ಕೂರಿಸಬೇಕು. ಪದೇ ಪದೇ ತಿದ್ದುವ ಕೆಲಸಕ್ಕೆ ಇದು ಶನಿ. ಆದರೆ ಹಗೇವಿನಲ್ಲಿ ದಿನವೂ ಕಾಳು ತಿದ್ದುವವರು ಯಾರು? ಒಮ್ಮೆ ತುಂಬುತ್ತೇವೆ, ಬೇಕಾದಾಗ ತೆಗೆಯುತ್ತೇವೆ. ಜಿಟಿಎಯನ್ನು ಅದಕ್ಕೆ ತುಂಬಲು ನಲವತ್ತು ನಿಮಿಷ ಆಯಿತು, ಅಲ್ಲಿಂದ ಎಸ್‌ಎಸ್‌ಡಿಗೆ ತರಲು ಇಪ್ಪತ್ತು. ಐವತ್ತೈದು ದಿನದ ಮುಂದೆ ಇಪ್ಪತ್ತು ನಿಮಿಷಕ್ಕೆ ನಾನಂತೂ ತಕರಾರು ಎತ್ತಲಾರೆ. ಅದರ ಮೇಲಿಂದಲೇ ಆಡಬೇಡ ಎಂದು ಮಾತ್ರ ತಾಕೀತು ಮಾಡಿದೆ. ಈಗೀಗ ಬರುವ ದೊಡ್ಡ ಗೇಮ್‌ಗಳು ಎಸ್‌ಎಸ್‌ಡಿ ಇಲ್ಲದೆ ಮಾತೇ ಆಡುವುದಿಲ್ಲ. ಆ ವರ್ಷವೇ ಬಂದ ಸ್ಟಾರ್‌ಫೀಲ್ಡ್ 125 ಜಿಬಿ ಕೇಳುತ್ತದೆ, ಅದೂ ಎಸ್‌ಎಸ್‌ಡಿಯೇ ಆಗಬೇಕೆಂದು ಬರೆದಿದ್ದಾರೆ.

ಖರ್ಚಿನ ಲೆಕ್ಕ ಹೀಗಿದೆ. ಪ್ಯಾಕೇಜಿನ ಡಿಸ್ಕ್‌ಗಳಿಗೆ 2,500, ನನ್ನ 500 ಜಿಬಿಗೆ 2,300, ಪೋರ್ಟಬಲ್‌ಗೆ 4,300. ಒಟ್ಟು 9,100. ಪ್ಯಾಕೇಜಿನ ಡಿಸ್ಕ್‌ಗಳ ಬದಲು ಮೊದಲೇ 1 ಟಿಬಿ ಜೆನ್ 3 ಎನ್‌ವಿಎಂಇ ಮತ್ತು ಪೋರ್ಟಬಲ್ ಕೊಂಡಿದ್ದರೆ 8,400ಕ್ಕೆ ಮುಗಿಯುತ್ತಿತ್ತು, ವೇಗದ ಜಾಗ ಎರಡರಷ್ಟು ಇರುತ್ತಿತ್ತು, ಎಂ.2 ಜಾಗದ ತಲೆನೋವೂ ಇರುತ್ತಿರಲಿಲ್ಲ. ಅಕ್ಕನ 1,100 ಉಳಿಸಲು ಹೋಗಿ ನಾನು ಮಾಡಿದ ಉಳಿತಾಯ ಇದು. ಡಿಸ್ಕ್ ಕೊಡುವಾಗ ಪೋರ್ಟಬಲ್ ಮೇಲೆ ನನ್ನ ಲಾಭ ಬಿಟ್ಟೆ. ಅದರಿಂದ ಸರಿಹೋಗುವಂಥದ್ದಲ್ಲ, ಆದರೂ.

ಅಂದಿನಿಂದ ಯಾರೇ ಡಿಸ್ಕ್ ಕೇಳಿ ಬಂದರೂ ನನ್ನ ಮೊದಲ ಪ್ರಶ್ನೆ ಮನೆಯಲ್ಲಿ ನೆಟ್ ಯಾವುದು ಎಂಬುದು. ಎರಡನೆಯದು, ಬೋರ್ಡಿನಲ್ಲಿ ಎಂ.2 ಜಾಗ ಎಷ್ಟು, ಅದು ಎನ್‌ವಿಎಂಇಯದೋ ಸಾಟಾದ್ದೋ. ಎರಡೂ ಬಗೆಯ ಎಸ್‌ಎಸ್‌ಡಿ ಕಡ್ಡಿ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಕೂರುತ್ತದೆ, ಬಗೆ ತಪ್ಪಿದರೆ ಕಂಪ್ಯೂಟರ್ ಗುರುತಿಸದೆ ಹೋಗುತ್ತದೆ. ವೇಗದ ಮಾತು ಬರುವ ಹೊತ್ತಿಗೆ ಆಯ್ಕೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಹಳೆಯ ಡಿಸ್ಕ್ ಕೊಳ್ಳಲೇಬೇಕೆನ್ನುವವರಿಗೆ ಗಂಟೆ ಮತ್ತು ಆನ್ ಮಾಡಿದ ಸಲಗಳನ್ನು ಜೋಡಿಯಾಗಿ ನೋಡಲು ಹೇಳಿಕೊಡುತ್ತೇನೆ. ಯುಪಿಎಸ್ ಒಂದನ್ನು ಹಾಕಿಸು ಎಂದು ಈ ಹುಡುಗನಿಗೆ ಎರಡು ಸಲ ಹೇಳಿದ್ದೇನೆ, ಇನ್ನೂ ಹಾಕಿಸಿಲ್ಲ.

ಈಗ ಅಣ್ಣನ ಮನೆಗೆ ಹೋಗುವಾಗ ಅವನು ಪೋರ್ಟಬಲ್ ಒಂದನ್ನೇ ಒಯ್ಯುತ್ತಾನೆ. ಅಣ್ಣನ ಕಂಪ್ಯೂಟರಿನಲ್ಲಿ ತನ್ನ ಖಾತೆ ತೆರೆದು, ಗೇಮ್ ಇಳಿಸಿ, ತುಂಬಿಕೊಂಡು ಸಂಜೆ ಬಸ್ಸಿಗೆ ವಾಪಸ್. ಹಳೆಯ ಹಾರ್ಡ್ ಡಿಸ್ಕನ್ನು ಡಿಪ್ಲೊಮಾ ಹುಡುಗ ತಾನೇ ಬಿಚ್ಚಿ, ತಟ್ಟೆಗಳಿಗೆ ಡ್ರಿಲ್ಲಿನಿಂದ ತೂತು ಹೊಡೆದು, ಒಳಗಿನ ಎರಡು ಅಯಸ್ಕಾಂತ ತೆಗೆದಿಟ್ಟುಕೊಂಡ. ಒಂದು ದನದ ಕೊಟ್ಟಿಗೆಯ ಕಬ್ಬಿಣದ ಕಂಬದ ಮೇಲೆ ಅಪ್ಪನ ಕುಡಗೋಲು ಹಿಡಿದುಕೊಂಡಿದೆ. ಇನ್ನೊಂದು ನನ್ನ ಕೌಂಟರಿನಲ್ಲಿ ಸ್ಕ್ರೂಗಳನ್ನು ಹಿಡಿದಿದೆ. ಕೌದಿ ಅಜ್ಜಿಯ ಹಾಸಿಗೆಗೆ ವಾಪಸ್ಸಾಗಿದೆಯಂತೆ.